ನಿವಾಸಪತ್ರವೂ ಮರುಪ್ರವೇಶದ ಹಕ್ಕೂ: ಒಂದು ಚಾರಿತ್ರಿಕ ವಿವೇಚನೆ

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಈ ನಾಲ್ಕು ತಾಲ್ಲೂಕುಗಳಿಂದ ಹೊರದೇಶಗಳಿಗೆ ಹೋಗಿ ನೆಲೆಸಿದ ಕುಟುಂಬಗಳು ಈಗ ವಿರಳವಲ್ಲ. ಊರಿನಲ್ಲಿ ತಂದೆಯ ಷಷ್ಟ್ಯಬ್ದಿಯೋ ತಂಗಿಯ ಮದುವೆಯೋ ನಿಶ್ಚಯವಾಗುತ್ತದೆ. ಇಲ್ಲವೆ ತಾಯಿಯ ಉತ್ತರಕ್ರಿಯೆಗೆ ಕರೆ ಬರುತ್ತದೆ. ಅದೇ ಸಮಯಕ್ಕೆ ಅಲ್ಲಿ ಪತ್ನಿಯ ನಿವಾಸಪತ್ರದ ಅವಧಿ ಮುಗಿದು, ನವೀಕರಣದ ಅರ್ಜಿ ತೀರ್ಮಾನವಾಗದೆ ಉಳಿದಿರುತ್ತದೆ. ಪತಿಯೊಬ್ಬನೇ ಹೊರಡಬೇಕೆ, ಇಬ್ಬರೂ ಹೊರಡಬಹುದೆ, ಹೊರಟರೆ ಮರಳಿ ಒಳಹೋಗುವುದು ಸಾಧ್ಯವೆ? ಮೇಲ್ನೋಟಕ್ಕೆ ಇದು ಕೇವಲ ಕಚೇರಿಯ ವ್ಯವಹಾರವೆಂದು ತೋರಬಹುದು. ಆದರೆ ಈ ಪ್ರಶ್ನೆಗೆ ನೂರಮೂವತ್ತು ವರ್ಷಗಳಿಗೂ ಮೀರಿದ ಇತಿಹಾಸವಿದೆ. ಪತ್ರವು ಹಕ್ಕಿಗೆ ಸಾಕ್ಷಿ ಮಾತ್ರವೆ, ಅಥವಾ ಪತ್ರವೇ ಹಕ್ಕೆ ಎಂಬುದು ಆ ಇತಿಹಾಸದ ಉದ್ದಕ್ಕೂ ನಡೆದ ವಿವಾದ. ಅದರ ಮುಖ್ಯ ಘಟ್ಟಗಳನ್ನು ನಾವು ಇಲ್ಲಿ ಪರಿಶೀಲಿಸಲು ಉದ್ದೇಶಿಸಿದ್ದೇವೆ.

ಮೊದಲನೆಯ ಘಟ್ಟವು ಅಮೆರಿಕ ಸಂಯುಕ್ತ ಸಂಸ್ಥಾನಗಳಿಗೆ ಸೇರಿದುದು. ಚೀನೀ ಕಾರ್ಮಿಕರ ವಲಸೆಯನ್ನು ನಿಷೇಧಿಸಿದ ೧೮೮೨ರ ಶಾಸನವು, ಅದಾಗಲೇ ಅಲ್ಲಿ ನೆಲೆಸಿದ್ದವರು ಸ್ವದೇಶಕ್ಕೆ ಹೋಗಿ ಮರಳಲು ಅವಕಾಶವನ್ನು ಕೊಟ್ಟಿದ್ದಿತು. ಹೊರಡುವ ಮುನ್ನ ಸರ್ಕಾರವೇ ಅವರಿಗೆ ಮರುಪ್ರವೇಶದ ಪತ್ರವನ್ನು ನೀಡುತ್ತಿದ್ದಿತು. ಚೇ ಚಾನ್ ಪಿಂಗ್ ಎಂಬಾತನು ೧೮೭೫ರಿಂದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿದ್ದು, ೧೮೮೭ರ ಜೂನಿನಲ್ಲಿ ಇಂತಹ ಪತ್ರದೊಡನೆ ಚೀನಾಕ್ಕೆ ಹೊರಟನು. ಆತನು ಮರಳುವ ಹಡಗಿನಲ್ಲಿದ್ದಾಗಲೇ, ೧೮೮೮ರ ಅಕ್ಟೋಬರ್ ೧ರಂದು, ಸ್ಕಾಟ್ ಶಾಸನವು ಜಾರಿಗೆ ಬಂದು ಸುಮಾರು ೨೦,೦೦೦ ಪತ್ರಗಳನ್ನು ಒಮ್ಮೆಗೇ ನಿರರ್ಥಕಗೊಳಿಸಿತು. ಒಂದು ವಾರದ ತರುವಾಯ ಬಂದರನ್ನು ಮುಟ್ಟಿದ ಆತನಿಗೆ ಇಳಿಯಲು ಅನುಮತಿ ದೊರೆಯಲಿಲ್ಲ. ೧೮೮೯ರ ಮೇ ತಿಂಗಳಿನಲ್ಲಿ ಸುಪ್ರೀಂ ಕೋರ್ಟು ಸರ್ಕಾರದ ಪಕ್ಷವನ್ನೇ ಎತ್ತಿಹಿಡಿಯಿತು. ಮರಳುವ ಅನುಮತಿಯು ಸರ್ಕಾರವು ಬೇಕಾದಾಗ ಹಿಂದೆಗೆದುಕೊಳ್ಳಬಹುದಾದ ಅನುಗ್ರಹವೇ ಹೊರತು ಹಕ್ಕಲ್ಲ ಎಂಬುದು ಆ ತೀರ್ಪಿನ ತಾತ್ಪರ್ಯ. ನಿಯಮವನ್ನು ಪಾಲಿಸಿ, ಪತ್ರವನ್ನು ಪಡೆದು ಹೊರಟವನೂ ಹೊರಗುಳಿಯಬಹುದೆಂಬ ಭಯಕ್ಕೆ ಇದೇ ಮೂಲ.

ಎರಡನೆಯ ಘಟ್ಟವು ನಮ್ಮವರಿಗೇ ಸಂಬಂಧಿಸಿದುದು. ದಕ್ಷಿಣ ಆಫ್ರಿಕದ ಪೋರ್ಟ್ ಎಲಿಜಬೆತ್‌ನಲ್ಲಿದ್ದ ಹಸನ್ ಇಸೋಪ್ ಎಂಬವರ ಪತ್ನಿ ಬಾಯಿ ಮರಿಯಂ ಭಾರತದಿಂದ ಪತಿಯ ಬಳಿಗೆ ಹೋದಾಗ ಆಕೆಗೆ ಪ್ರವೇಶವನ್ನು ನಿರಾಕರಿಸಲಾಯಿತು. ೧೯೧೩ರ ಮಾರ್ಚ್ ೧೪ರಂದು ಕೇಪ್ ಪ್ರಾಂತದ ನ್ಯಾಯಮೂರ್ತಿ ಸರ್ಲ್ ಅವರು, ಬಹುಪತ್ನೀತ್ವಕ್ಕೆ ಎಡೆಗೊಡುವ ಧರ್ಮದ ವಿಧಿಯಂತೆ ನಡೆದ ವಿವಾಹವು ವಲಸೆಯ ಕಾನೂನಿನ ದೃಷ್ಟಿಯಲ್ಲಿ ವಿವಾಹವಲ್ಲವೆಂದು ತೀರ್ಮಾನಿಸಿದರು. ಇದರಿಂದ ಹಿಂದೂ, ಮುಸಲ್ಮಾನ, ಪಾರಸಿ ಪತ್ನಿಯರ ಸ್ಥಾನವೆಲ್ಲವೂ ಸಂಶಯಕ್ಕೀಡಾಯಿತು. ಪತಿಗೆ ವಾಸದ ಹಕ್ಕಿದ್ದರೂ, ಪತ್ನಿಯು ಪತ್ನಿಯೇ ಅಲ್ಲವೆಂದಾದ ಮೇಲೆ ಆಕೆ ಆ ಹಕ್ಕಿನ ಆಶ್ರಯದಲ್ಲಿ ಒಳಬರುವುದಾದರೂ ಹೇಗೆ? ಅದುವರೆಗೆ ಹೊರಗಿದ್ದ ಮಹಿಳೆಯರು ಸತ್ಯಾಗ್ರಹಕ್ಕೆ ಇಳಿದುದು ಈ ಕಾರಣದಿಂದಲೇ. ಕಸ್ತೂರಬಾ ಅವರು ಸಂಗಡಿಗರೊಡನೆ ೧೯೧೩ರ ಸೆಪ್ಟೆಂಬರಿನಲ್ಲಿ ಟ್ರಾನ್ಸ್‌ವಾಲಿನ ಗಡಿಯನ್ನು ದಾಟಿ, ಮೂರು ತಿಂಗಳ ಕಠಿಣ ಶಿಕ್ಷೆಗೆ ಗುರಿಯಾದರು. ೧೯೧೪ರ ಭಾರತೀಯ ಪರಿಹಾರ ಶಾಸನವು ಪ್ರತಿಯೊಬ್ಬ ಪತಿಗೆ ಒಬ್ಬ ಪತ್ನಿಯಂತೆ ಅಂತಹ ವಿವಾಹಗಳನ್ನು ಮಾನ್ಯಮಾಡಿತು. ವಾಸದ ಹಕ್ಕಿನ ಪ್ರಶ್ನೆಯು ಒಲೆಯ ಮುಂದಣ ಪ್ರಶ್ನೆಯೂ ಹೌದೆಂಬುದನ್ನು ಈ ಪ್ರಕರಣವು ಲೋಕಕ್ಕೆ ತೋರಿಸಿಕೊಟ್ಟಿತು.

ಆ ಕಾಲದಲ್ಲಿ ಹಾಸನವು ಮೈಸೂರು ಸಂಸ್ಥಾನದ ಒಂದು ಜಿಲ್ಲೆ. ಸಂಸ್ಥಾನದ ಜನರು ಮಹಾರಾಜರ ಪ್ರಜೆಗಳು. ಹೊರದೇಶಗಳಲ್ಲಿ ಅವರಿಗಿದ್ದುದು ಬ್ರಿಟಿಷ್ ಪ್ರಜೆಗಳ ಸ್ಥಾನವಲ್ಲ, ‘ಬ್ರಿಟಿಷ್ ರಕ್ಷಿತ ವ್ಯಕ್ತಿ’ಗಳ ಸ್ಥಾನ. ಪತ್ನಿಯ ಹೆಸರನ್ನು ಪತಿಯ ರಹದಾರಿಯಲ್ಲಿಯೇ ಸೇರಿಸುವ ರೂಢಿಯೂ ಆಗ ಇದ್ದಿತು. ಸ್ವಾತಂತ್ರ್ಯಾನಂತರ ಈ ಸ್ಥಿತಿಯು ಬದಲಾಯಿತು. ಸತ್ವಂತ್ ಸಿಂಗ್ ಸಾಹ್ನಿ ಮೊಕದ್ದಮೆಯಲ್ಲಿ ನಮ್ಮ ಸುಪ್ರೀಂ ಕೋರ್ಟು ೧೯೬೭ರಲ್ಲಿ ವಿದೇಶಪ್ರಯಾಣವನ್ನು ಸಂವಿಧಾನದ ೨೧ನೆಯ ಅನುಚ್ಛೇದದ ವ್ಯಕ್ತಿಸ್ವಾತಂತ್ರ್ಯದಲ್ಲಿ ಅಡಕವಾದುದೆಂದು ಎಣಿಸಿತು. ಪಾಸ್‌ಪೋರ್ಟ್ ಶಾಸನವು ಅದೇ ವರ್ಷ ಬಂದಿತು. ಆದರೆ ಹೊರಡುವ ಹಕ್ಕನ್ನು ಸ್ವದೇಶವು ಕೊಡಬಲ್ಲುದು. ಪರದೇಶಕ್ಕೆ ಮರಳುವ ಹಕ್ಕನ್ನು ಆ ದೇಶವೇ ಕೊಡಬೇಕು.

ಅಮೆರಿಕವು ೧೯೪೬ರ ಶಾಸನದಂತೆ ಭಾರತೀಯರಿಗೆ ವರ್ಷಕ್ಕೆ ೧೦೦ ಜನರ ಪಾಲನ್ನು ಮಾತ್ರ ಕೊಟ್ಟಿದ್ದಿತು. ೧೯೬೫ರ ಶಾಸನವು ಎಂಜಿನಿಯರುಗಳಿಗೂ ವೈದ್ಯರಿಗೂ ಬಾಗಿಲನ್ನು ತೆರೆಯಿತು. ಹಾಸನದಲ್ಲಿ ಮಲೆನಾಡು ಎಂಜಿನಿಯರಿಂಗ್ ಕಾಲೇಜು ಆರಂಭವಾದುದು ೧೯೬೦ರಲ್ಲಿ ಎಂಬುದನ್ನು ಇದರೊಡನೆ ನೆನೆಯಬೇಕು. ಹೇಮಾವತಿಯ ದಡದ ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರ ‘ಅಮೆರಿಕದಲ್ಲಿ ಗೊರೂರು’ ಕೃತಿಗೆ ೧೯೮೦ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯು ಬರುವ ವೇಳೆಗೆ, ಆ ದೂರದ ನಾಡು ಈ ಪ್ರದೇಶದ ಓದುಗರಿಗೆ ಅಪರಿಚಿತವಾಗಿ ಉಳಿದಿರಲಿಲ್ಲ.

ಈ ನಡುವೆ ೧೮೮೯ರ ತೀರ್ಪಿನ ಕಾಠಿಣ್ಯವೂ ಕ್ರಮೇಣ ಸಡಿಲಿತು. ಕ್ವಾಂಗ್ ಹಾಯ್ ಚ್ಯೂ ಎಂಬ ಚೀನೀ ನಾವಿಕನು ಅಮೆರಿಕದ ಮಹಿಳೆಯನ್ನು ವಿವಾಹವಾಗಿ ನ್ಯೂಯಾರ್ಕಿನಲ್ಲಿ ಮನೆ ಮಾಡಿದ್ದನು. ೧೯೫೧ರಲ್ಲಿ ಹಡಗಿನ ಕೆಲಸ ಮುಗಿಸಿ ಮರಳಿದಾಗ ಆತನನ್ನು ವಿಚಾರಣೆಯಿಲ್ಲದೆಯೇ ತಡೆಯಲಾಯಿತು. ೧೯೫೩ರಲ್ಲಿ ಸುಪ್ರೀಂ ಕೋರ್ಟು, ಖಾಯಂ ನಿವಾಸಿಯೊಬ್ಬನು ಇಂತಹ ಪ್ರಯಾಣದಿಂದ ಹೊಸಬನಾಗಿಬಿಡುವುದಿಲ್ಲವೆಂದೂ, ಆತನ ಮಾತನ್ನು ಕೇಳದೆ ಹೊರಗಿಡಲಾಗದೆಂದೂ ಹೇಳಿತು. ೧೯೬೩ರ ಫ್ಲೂಟಿ ಪ್ರಕರಣವು, ನಿವಾಸಿಯ ಅಲ್ಪಕಾಲದ ನಿರ್ದುಷ್ಟ ಪ್ರಯಾಣವನ್ನು ಹೊಸ ಪ್ರವೇಶವೆಂದು ಗಣಿಸಬಾರದೆಂದು ಈ ತತ್ತ್ವವನ್ನು ಇನ್ನಷ್ಟು ವಿಸ್ತರಿಸಿತು.

ಇಂದಿನ ನಿಯಮಗಳನ್ನು ಈ ಹಿನ್ನೆಲೆಯಲ್ಲಿಯೇ ಓದಬೇಕು. ಅಮೆರಿಕದ ಹಸಿರು ಕಾರ್ಡಿನ ವಿಷಯದಲ್ಲಿ ಹತ್ತು ವರ್ಷಕ್ಕೆ ಮುಗಿಯುವುದು ಕಾರ್ಡಿನ ಅವಧಿಯೇ ಹೊರತು ಖಾಯಂ ವಾಸದ ಹಕ್ಕಲ್ಲ. ಆದುದರಿಂದ ನವೀಕರಣದ ಅರ್ಜಿಯ ರಸೀತಿಯು ಹಳೆಯ ಕಾರ್ಡಿನ ಬಲವನ್ನು ಮುಂದುವರಿಸುತ್ತದೆ. ೨೦೨೪ರ ಸೆಪ್ಟೆಂಬರಿನಲ್ಲಿ ಆ ಅವಧಿಯನ್ನು ೨೪ರಿಂದ ೩೬ ತಿಂಗಳಿಗೆ ಏರಿಸಲಾಯಿತು. ಜರ್ಮನಿಯಲ್ಲಿ, ಹಿಂದಿನ ವಾಸಾನುಮತಿ ಇನ್ನೂ ಜೀವಂತವಾಗಿದೆಯೆಂದು ಭಾವಿಸಿ ಕೊಡುವ ತಾತ್ಕಾಲಿಕ ಪತ್ರವೊಂದುಂಟು. ಅದನ್ನು ಹೊಂದಿರುವ ಪತ್ನಿಯು ಊರಿಗೆ ಬಂದು ಮರಳಬಹುದು. ಆದರೆ ಅದೇ ಹೆಸರಿನ ಮತ್ತೊಂದು ಬಗೆಯ ಪತ್ರವು ಅಲ್ಲಿಯೇ ಇರಲು ಅನುಮತಿ ಕೊಡುವುದೇ ಹೊರತು ಮರುಪ್ರವೇಶಕ್ಕೆ ಒದಗದು. ಇಂಗ್ಲೆಂಡಿನ ಕ್ರಮವು ಇನ್ನೂ ಬಿಗಿ. ಅಲ್ಲಿ ಅರ್ಜಿಯು ತೀರ್ಮಾನವಾಗುವ ಮುನ್ನ ಹೊರಟರೆ, ಸಾಮಾನ್ಯವಾಗಿ ಅರ್ಜಿಯನ್ನು ಹಿಂತೆಗೆದುಕೊಂಡಂತೆಯೇ ಎಣಿಸಲಾಗುತ್ತದೆ. ಹಕ್ಕು ಎಲ್ಲಿ ಪತ್ರದ ಆಚೆಗೂ ನಿಲ್ಲುತ್ತದೆಯೋ ಅಲ್ಲಿ ಪ್ರಯಾಣ ಸುಗಮ. ಎಲ್ಲಿ ಪತ್ರದೊಡನೆಯೇ ಹಕ್ಕೂ ಮುಗಿಯುತ್ತದೆಯೋ ಅಲ್ಲಿ ದಂಪತಿಗಳು ಅಗಲಲೇಬೇಕು.

ಇಷ್ಟನ್ನು ಹೇಳಿ ನಿಲ್ಲಿಸಿದರೆ ನಮ್ಮ ವಿವೇಚನೆಯು ಏಕಪಕ್ಷೀಯವಾದೀತು. ಅರಕಲಗೂಡಿನ ದಕ್ಷಿಣಕ್ಕಿರುವ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ಟಿಬೆಟನ್ ನಿರಾಶ್ರಿತರು ೧೯೬೦ರ ದಶಕದ ಆರಂಭದಿಂದ ವಾಸಿಸುತ್ತಿದ್ದಾರೆ. ನಮ್ಮ ಸರ್ಕಾರವು ಅವರಿಗೆ ಕೊಡುವ ನೋಂದಣಿಪತ್ರವನ್ನು ಅವರು ಅವಧಿಗೊಮ್ಮೆ ನವೀಕರಿಸಬೇಕು. ರಹದಾರಿಗೆ ಬದಲಾಗಿ ಪಡೆವ ಗುರುತುಪತ್ರದೊಡನೆ ಪರದೇಶಕ್ಕೆ ಹೊರಟರೆ, ಮರಳಲು ಭಾರತದ ಅನುಮತಿಯೂ ಬೇಕು. ನಮ್ಮ ಮಣ್ಣಿನಲ್ಲಿಯೇ ಹುಟ್ಟಿದವರಿಗೂ ಈ ಕಟ್ಟಳೆಯು ತಪ್ಪಿರಲಿಲ್ಲ. ೧೯೫೦ರ ಜನವರಿ ೨೬ರಿಂದ ೧೯೮೭ರ ಜುಲೈ ೧ಕ್ಕೆ ಮುನ್ನ ಭಾರತದಲ್ಲಿ ಹುಟ್ಟಿದವರು ಶಾಸನದ ಪ್ರಕಾರ ಪೌರರೇ ಎಂದು ದೆಹಲಿಯ ಉಚ್ಚ ನ್ಯಾಯಾಲಯವು ೨೦೧೦ರಲ್ಲಿಯೂ ಕರ್ನಾಟಕದ ಉಚ್ಚ ನ್ಯಾಯಾಲಯವು ೨೦೧೩ರಲ್ಲಿಯೂ ತೀರ್ಪಿತ್ತ ಬಳಿಕವೇ ಅಂತಹವರಿಗೆ ಮಾರ್ಗವು ತೆರೆಯಿತು. ಹೊರದೇಶದ ಕಚೇರಿಯ ಮುಂದೆ ನಮ್ಮ ಮಗಳು ಕಾದು ನಿಂತುದಕ್ಕಾಗಿ ಮರುಗುವ ನಾವು, ನಮ್ಮ ಕಚೇರಿಯ ಮುಂದೆ ನೆರೆಯವರು ಕಾದು ನಿಂತುದನ್ನೂ ಇತಿಹಾಸದ ಪುಟದಲ್ಲಿ ಸೇರಿಸತಕ್ಕದ್ದು.

ಒಟ್ಟಿನಲ್ಲಿ, ಮರುಪ್ರವೇಶವು ಅನುಗ್ರಹದಿಂದ ಹಕ್ಕಿನ ಕಡೆಗೆ ಸರಿದು ಬಂದಿರುವುದು ನಿಜವಾದರೂ, ಆ ಚಲನೆಯು ಎಲ್ಲೆಡೆಯೂ ಪೂರ್ಣವಾಗಿಲ್ಲ. ಅದು ತಾನಾಗಿ ಆದುದೂ ಅಲ್ಲ. ಬಂದರಿನಲ್ಲಿ ತಡೆಯಲ್ಪಟ್ಟ ನಾವಿಕನೂ, ಸೆರೆಮನೆ ಸೇರಿದ ಗೃಹಿಣಿಯರೂ ಅದಕ್ಕೆ ಬೆಲೆಯನ್ನು ತೆತ್ತಿದ್ದಾರೆ. ಊರಿನ ಶುಭಕಾರ್ಯಕ್ಕೆ ಹೊರಡುವ ದಂಪತಿಗಳು ಕೈಯಲ್ಲಿ ಹಿಡಿಯುವ ಆ ಸಣ್ಣ ರಸೀತಿಯ ಹಿಂದೆ ಇಷ್ಟೊಂದು ಜನರ ಕಷ್ಟವು ಅಡಗಿದೆಯೆಂಬುದನ್ನು ವಿದ್ಯಾರ್ಥಿಗಳು ಮರೆಯಬಾರದು.