ಮಿಡಿತದಿಂದ ಹರಿವಿಗೆ: ಹೃದಯ ಪಂಪಿನ ಚರಿತ್ರೆ

ಹೃದಯ ಮತ್ತು ಶ್ವಾಸಕೋಶಗಳೆರಡರ ಕೆಲಸವನ್ನೂ ಯಂತ್ರಕ್ಕೆ ವಹಿಸಿ ಯಶಸ್ವಿಯಾಗಿ ಹೃದಯದ ಶಸ್ತ್ರಚಿಕಿತ್ಸೆ ಮಾಡಬಹುದೆಂದು ಮೊದಲು ತೋರಿಸಿಕೊಟ್ಟವರು ಜಾನ್ ಗಿಬ್ಬನ್. 1953ರ ಮೇ 6ರಂದು ಅಮೆರಿಕದ ಫಿಲಡೆಲ್ಫಿಯಾದಲ್ಲಿ ಅವರು 18 ವರ್ಷದ ಯುವತಿಯೊಬ್ಬಳ ಹೃದಯದೊಳಗಿನ ರಂಧ್ರವನ್ನು ಮುಚ್ಚಿದಾಗ, 26 ನಿಮಿಷ ರಕ್ತ ಪರಿಚಲನೆಯನ್ನು ನಡೆಸಿದ್ದು ಅವರದೇ ಹೃದಯ-ಶ್ವಾಸಕೋಶ ಯಂತ್ರ. ಆದರೆ ಸೋತ ಹೃದಯಕ್ಕೆ ದಿನಗಟ್ಟಲೆ ಆಸರೆಯಾಗುವುದು ಇದಕ್ಕಿಂತ ಕಠಿಣ. ಪಂಪಿನ ಹೊಡೆತ ಬಿರುಸಾದರೆ ಕೆಂಪು ರಕ್ತಕಣಗಳು ಒಡೆಯುತ್ತವೆ. ಹರಿವು ನಿಧಾನವಾದರೆ ರಕ್ತ ಹೆಪ್ಪುಗಟ್ಟುತ್ತದೆ. ಮುಂದಿನ ಎಲ್ಲ ಪ್ರಯತ್ನಗಳೂ ಈ ಎರಡು ಅಪಾಯಗಳ ನಡುವೆ ದಾರಿ ಹುಡುಕಿದವು.

1966ರಲ್ಲಿ ಹ್ಯೂಸ್ಟನ್ನಿನ ಮೈಕೆಲ್ ಡಿಬೇಕಿ ಎಡ ಹೃತ್ಕುಕ್ಷಿಗೆ ನೆರವಾಗುವ ಪಂಪನ್ನು ಒಬ್ಬ ಮಹಿಳೆಗೆ ಜೋಡಿಸಿದರು. ಹತ್ತು ದಿನಗಳಲ್ಲಿ ಆಕೆಯ ಹೃದಯ ಚೇತರಿಸಿಕೊಂಡಿತು, ಪಂಪನ್ನು ತೆಗೆಯಲಾಯಿತು, ಆಕೆ ಮನೆಗೆ ಮರಳಿದರು. ಮರುವರ್ಷ ನ್ಯೂಯಾರ್ಕಿನ ಏಡ್ರಿಯನ್ ಕ್ಯಾಂಟ್ರೊವಿಟ್ಜ್ ಬಲೂನ್ ಪಂಪನ್ನು ಬಳಕೆಗೆ ತಂದರು. ಮಹಾಪಧಮನಿಯೊಳಗೆ ಇಳಿಬಿಟ್ಟ ಉದ್ದನೆಯ ಬಲೂನು, ಹೃದಯ ಸಡಿಲಗೊಂಡಾಗ ಹೀಲಿಯಂ ತುಂಬಿಕೊಂಡು ಉಬ್ಬುತ್ತದೆ. ಆಗ ಹೃದಯದ ಸ್ವಂತ ರಕ್ತನಾಳಗಳಿಗೆ ಹೆಚ್ಚು ರಕ್ತ ನುಗ್ಗುತ್ತದೆ. ಹೃದಯ ಸಂಕುಚಿಸುವ ಕ್ಷಣಕ್ಕೆ ಸರಿಯಾಗಿ ಬಲೂನು ಕುಗ್ಗಿ, ಹೃದಯದ ಹೊರೆ ಇಳಿಯುತ್ತದೆ.

ಇಡೀ ಹೃದಯವನ್ನೇ ಬದಲಿಸುವ ಹಂಬಲವೂ ಜೊತೆಜೊತೆಗೆ ಬೆಳೆಯಿತು. 1969ರಲ್ಲಿ ಡೆಂಟನ್ ಕೂಲಿ ಅಳವಡಿಸಿದ ಕೃತಕ ಹೃದಯ, ದಾನಿಯ ಹೃದಯ ಸಿಗುವವರೆಗೆ ಸುಮಾರು 64 ಗಂಟೆ ದುಡಿಯಿತು. 1982ರ ಡಿಸೆಂಬರಿನಲ್ಲಿ ಯೂಟಾದಲ್ಲಿ ವಿಲಿಯಂ ಡಿವ್ರೀಸ್ 'ಜಾರ್ವಿಕ್-7' ಎಂಬ ಕೃತಕ ಹೃದಯವನ್ನು ಅಳವಡಿಸಿದರು. ಅದನ್ನು ಪಡೆದ ರೋಗಿ ಬಾರ್ನಿ ಕ್ಲಾರ್ಕ್ ಅದರೊಂದಿಗೆ 112 ದಿನ ಬದುಕಿದರು, ಆದರೆ ಹಾಸಿಗೆಯ ಪಕ್ಕದ ಭಾರಿ ಗಾಳಿಯಂತ್ರಕ್ಕೆ ಕೊಳವೆಗಳಿಂದ ಬಂಧಿತರಾಗಿಯೇ. ಹೃದಯವನ್ನು ಕಿತ್ತು ಬದಲಿಸುವುದಕ್ಕಿಂತ, ಅದನ್ನು ಉಳಿಸಿಕೊಂಡು ನೆರವಾಗುವ ಪಂಪೇ ಹೆಚ್ಚು ಜನರಿಗೆ ಒದಗಿತು. 2001ರಲ್ಲಿ ಪ್ರಕಟವಾದ 'ರೀಮ್ಯಾಚ್' ಅಧ್ಯಯನದಲ್ಲಿ ಕಸಿಗೆ ಅರ್ಹರಲ್ಲದ 129 ರೋಗಿಗಳಿದ್ದರು. ಒಂದು ವರ್ಷದ ನಂತರ ಬದುಕುಳಿದವರು ಪಂಪು ಹೊಂದಿದವರಲ್ಲಿ ಶೇ. 52, ಔಷಧಿಯನ್ನಷ್ಟೇ ಪಡೆದವರಲ್ಲಿ ಶೇ. 25.

ಆ ಪಂಪುಗಳು ಹೃದಯದಂತೆಯೇ ಮಿಡಿಯುತ್ತಿದ್ದವು. ಹಾಗಾಗಿಯೇ ಬೇಗ ಸವೆಯುತ್ತಿದ್ದವು. ಪರಿಹಾರದ ಎಳೆ ಸಿಕ್ಕಿದ್ದು ಈಜಿಪ್ಟಿನಲ್ಲಿ. ತಿರುಪಿನಂಥ ಸಾಧನದಿಂದ ನೀರೆತ್ತುವುದನ್ನು ಅಲ್ಲಿ ಕಂಡ ರಿಚರ್ಡ್ ವಾಂಪ್ಲರ್, ರಕ್ತವನ್ನೂ ಹೀಗೆ ಸತತವಾಗಿ ಹರಿಸಬಹುದೆಂದು ಯೋಚಿಸಿದರು. ಅವರ 'ಹೀಮೋಪಂಪ್' 1988ರಲ್ಲಿ ಮೊದಲ ಬಾರಿಗೆ ರೋಗಿಯ ದೇಹವನ್ನು ಸೇರಿತು. ನಿಮಿಷಕ್ಕೆ ಸುಮಾರು 25,000 ಸುತ್ತು ತಿರುಗಿದರೂ ರಕ್ತಕಣಗಳು ನುಚ್ಚುನೂರಾಗಲಿಲ್ಲ. ಇದೇ ತತ್ತ್ವದ, ತಿರುಗುವ ಒಂದೇ ಭಾಗವುಳ್ಳ 'ಹಾರ್ಟ್‌ಮೇಟ್ 2'ಗೆ 2008ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಇಂಥ ಪಂಪುಳ್ಳ ಅನೇಕರ ಮಣಿಕಟ್ಟಿನಲ್ಲಿ ನಾಡಿ ಸಿಗುವುದಿಲ್ಲ. ರಕ್ತದೊತ್ತಡ ಅಳೆಯಲು ಡಾಪ್ಲರ್ ಉಪಕರಣ ಬೇಕಾಗುತ್ತದೆ.

2017ರಲ್ಲಿ ಅನುಮತಿ ಪಡೆದ 'ಹಾರ್ಟ್‌ಮೇಟ್ 3'ರ ರೋಟರು ಕಾಂತಶಕ್ತಿಯಿಂದ ಎಲ್ಲಿಯೂ ತಾಗದೆ ತೇಲುತ್ತದೆ. ಸವೆತವಿಲ್ಲ, ರಕ್ತಕ್ಕೆ ಅಗಲವಾದ ದಾರಿಯಿದೆ, ಹೆಪ್ಪುಗಟ್ಟುವ ಅಪಾಯವೂ ತಗ್ಗಿದೆ. ಪಂಪಿನೊಳಗೆ ರಕ್ತ ನಿಲ್ಲದಂತೆ ಅದು ಆಗಾಗ ವೇಗ ಬದಲಿಸಿ ಕೃತಕ ಮಿಡಿತವನ್ನೂ ಉಂಟುಮಾಡುತ್ತದೆ. ಆದರೂ ಹೊಟ್ಟೆಯ ಚರ್ಮದ ಮೂಲಕ ಹೊರಬರುವ ವಿದ್ಯುತ್ ತಂತಿ, ಅಲ್ಲಿ ತಗಲುವ ಸೋಂಕು, ಹೊತ್ತು ತಿರುಗಬೇಕಾದ ಬ್ಯಾಟರಿಗಳು ಮತ್ತು ರಕ್ತಸ್ರಾವದ ಭಯ ಇನ್ನೂ ಉಳಿದಿವೆ. ಚರ್ಮವನ್ನು ಸೀಳದೆಯೇ ವಿದ್ಯುತ್ ಒದಗಿಸುವುದು ಸಂಶೋಧಕರ ಮುಂದಿರುವ ಮುಖ್ಯ ಗುರಿಗಳಲ್ಲೊಂದು.