ಅಧ್ಯಾಯ, ವಚನ, ವಿಳಾಸ: ಬೈಬಲ್ ತಂತ್ರಾಂಶದ ಗ್ರಂಥಭಂಡಾರದ ಹಿಂದಿನ ಚರಿತ್ರೆ

ಬೈಬಲ್ ಅಧ್ಯಯನಕ್ಕೆಂದೇ ರೂಪುಗೊಂಡ ತಂತ್ರಾಂಶಗಳಲ್ಲಿ ಲೋಗೋಸ್ ಪ್ರಮುಖವಾದುದು. 1992ರಲ್ಲಿ ಮೊದಲ ಆವೃತ್ತಿಯನ್ನು ಕಂಡ ಈ ತಂತ್ರಾಂಶದಲ್ಲಿ ಒಬ್ಬನೇ ಓದುಗನ ಸಂಗ್ರಹಕ್ಕೆ ಸಾವಿರಾರು ಗ್ರಂಥಗಳು ಸೇರುವುದುಂಟು. ಮೂಲಪಾಠ, ಅನುವಾದ, ವ್ಯಾಖ್ಯಾನ, ನಿಘಂಟು, ಭೂಪಟ ಇವೆಲ್ಲವೂ ಅಲ್ಲಿ ಒಂದೇ ಮಾಡಿನ ಕೆಳಗಿರುತ್ತವೆ. ಒಂದು ವಚನವನ್ನು ತೆರೆದೊಡನೆ ಅದರ ವ್ಯಾಖ್ಯಾನ, ಅದರ ಗ್ರೀಕ್ ಅಥವಾ ಹೀಬ್ರೂ ಪದಗಳ ಅರ್ಥ, ಅನ್ಯ ಅನುವಾದಗಳ ಪಾಠ ಎಲ್ಲವೂ ಪಕ್ಕದಲ್ಲಿ ಬಂದು ನಿಲ್ಲುತ್ತವೆ. ಇದು ಕಂಪ್ಯೂಟರ್ ಯುಗದ ಸೋಜಿಗವೆಂದು ತೋರುವುದು ಸಹಜ. ಆದರೆ ಇದರ ತಳಹದಿಯನ್ನು ಹಾಕಿದವರು ಮಠಗಳ ವಿದ್ವಾಂಸರು ಮತ್ತು 16ನೆಯ ಶತಮಾನದ ಒಬ್ಬ ಮುದ್ರಕ.

ಯಾವುದೇ ಗ್ರಂಥಭಂಡಾರದ ವ್ಯವಸ್ಥೆಯಲ್ಲಿ ಎರಡು ಬೇರೆಬೇರೆ ಕೆಲಸಗಳಿವೆ. ಒಂದು ವರ್ಗೀಕರಣ, ಇನ್ನೊಂದು ವಿಳಾಸ. ವರ್ಗೀಕರಣವು ಗ್ರಂಥ ಯಾವ ಬಗೆಯದೆಂದು ಹೇಳುತ್ತದೆ. ವಿಳಾಸವು ಗ್ರಂಥದೊಳಗಿನ ಮಾತು ಎಲ್ಲಿದೆಯೆಂದು ತೋರಿಸುತ್ತದೆ. ಜೈನ ಪರಂಪರೆಯು ಶಾಸ್ತ್ರರಾಶಿಯನ್ನು ಪ್ರಥಮಾನುಯೋಗ, ಕರಣಾನುಯೋಗ, ಚರಣಾನುಯೋಗ, ದ್ರವ್ಯಾನುಯೋಗ ಎಂದು ನಾಲ್ಕಾಗಿ ವಿಂಗಡಿಸಿದ್ದು ಮೊದಲನೆಯ ಕೆಲಸಕ್ಕೆ ಉತ್ತಮ ನಿದರ್ಶನ. ಇಂತಹ ವಿಂಗಡಣೆಗೆ ಒಂದು ತೊಡಕು ಇದ್ದೇ ಇರುತ್ತದೆ. ಪಂಪನ ಆದಿಪುರಾಣ ಪ್ರಥಮಾನುಯೋಗಕ್ಕೆ ಸೇರುವಂತೆಯೇ ಕಾವ್ಯಗಳ ಸಾಲಿಗೂ ಸೇರುತ್ತದೆ. ಮರದ ಕಪಾಟಿನಲ್ಲಿ ಅದಕ್ಕೆ ಒಂದೇ ಸ್ಥಾನ. ತಂತ್ರಾಂಶವು ಈ ತೊಡಕನ್ನು ಗುರುತುಪಟ್ಟಿಗಳಿಂದ ನಿವಾರಿಸುತ್ತದೆ: ಒಂದೇ ಗ್ರಂಥಕ್ಕೆ ಓದುಗನು ಹಲವು ಪಟ್ಟಿಗಳನ್ನು ಅಂಟಿಸಬಹುದು. ನಿಯಮವೊಂದನ್ನು ಬರೆದಿಟ್ಟರೆ, ಅದಕ್ಕೆ ಹೊಂದುವ ಹೊಸ ಗ್ರಂಥವೂ ತಾನಾಗಿ ಆ ಸಂಗ್ರಹವನ್ನು ಸೇರುತ್ತದೆ. ಹಲವು ನಿಘಂಟುಗಳಿದ್ದಲ್ಲಿ ಯಾವುದು ಮೊದಲು ತೆರೆಯಬೇಕೆಂಬ ಆದ್ಯತೆಯನ್ನೂ ನಿಗದಿಪಡಿಸಬಹುದು. ಆದರೆ ವಿಳಾಸವಿಲ್ಲದಿದ್ದರೆ ಈ ಯಾವ ಅನುಕೂಲವೂ ಒಂದು ಗ್ರಂಥದ ಸಾಲನ್ನು ಮತ್ತೊಂದರ ಸಾಲಿಗೆ ಜೋಡಿಸಲಾರದು.

ವಿಳಾಸದ ಚರಿತ್ರೆ ನಾಲ್ಕನೆಯ ಶತಮಾನದಷ್ಟು ಹಿಂದಕ್ಕೆ ಹೋಗುತ್ತದೆ. ಸಿಸೇರಿಯಾದ ಯೂಸೀಬಿಯಸ್ ನಾಲ್ಕು ಸುವಾರ್ತೆಗಳ ಖಂಡಗಳಿಗೆ ಸಂಖ್ಯೆಗಳನ್ನು ಬಳಸಿ, ಅವುಗಳ ಸಾಮ್ಯವನ್ನು ತೋರುವ ಹತ್ತು ಕೋಷ್ಟಕಗಳನ್ನು ರಚಿಸಿದನು. ನಾಲ್ಕರಲ್ಲೂ ಬರುವ ಪ್ರಸಂಗಗಳು ಮೊದಲನೆಯ ಕೋಷ್ಟಕದಲ್ಲಿ. ಮೂರರಲ್ಲಿ, ಎರಡರಲ್ಲಿ ಬರುವವು ಅನಂತರದ ಕೋಷ್ಟಕಗಳಲ್ಲಿ. ಒಂದೊಂದರಲ್ಲಿ ಮಾತ್ರ ಇರುವವು ಹತ್ತನೆಯದರಲ್ಲಿ. ಅಂಚಿನಲ್ಲಿರುವ ಸಂಖ್ಯೆಯನ್ನು ಹಿಡಿದು ಓದುಗನು ಒಂದು ಸುವಾರ್ತೆಯಿಂದ ಮತ್ತೊಂದಕ್ಕೆ ಹೋಗಬಹುದಾಗಿತ್ತು. ಇಂದಿನ ತಂತ್ರಾಂಶದ ಕೊಂಡಿಗಳು ಮಾಡುವ ಕೆಲಸವೂ ಇದೇ.

ಇಂದು ಬಳಕೆಯಲ್ಲಿರುವ ಅಧ್ಯಾಯ ವಿಭಾಗವನ್ನು 13ನೆಯ ಶತಮಾನದ ಆರಂಭದ ಸ್ಟೀಫನ್ ಲ್ಯಾಂಗ್ಟನ್‌ನ ಹೆಸರಿಗೆ ಸೇರಿಸಿ ಹೇಳುವುದು ವಾಡಿಕೆ. ಪ್ಯಾರಿಸ್ಸಿನಲ್ಲಿ ಅಧ್ಯಾಪಕನಾಗಿದ್ದ ಇವನು ಮುಂದೆ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ಪನಾದನು. ಅದೇ ಶತಮಾನದಲ್ಲಿ ಡೊಮಿನಿಕನ್ ಪಂಗಡದ ಹ್ಯೂ ಆಫ್ ಸೇಂಟ್ ಶೇರ್‌ನ ನೇತೃತ್ವದಲ್ಲಿ ಲ್ಯಾಟಿನ್ ಬೈಬಲ್ಲಿನ ಪದಾನುಕ್ರಮಣಿಕೆ ಸಿದ್ಧವಾಯಿತು. ಆಗ ವಚನಗಳಿಗೆ ಸಂಖ್ಯೆಗಳಿರಲಿಲ್ಲ. ಆದ್ದರಿಂದ ಪ್ರತಿ ಅಧ್ಯಾಯವನ್ನೂ ಏಳು ಭಾಗಗಳಾಗಿ ಕಲ್ಪಿಸಿ, ಎ ಯಿಂದ ಜಿ ವರೆಗಿನ ಅಕ್ಷರಗಳಿಂದ ಸ್ಥಾನವನ್ನು ಸೂಚಿಸಿದರು. 1551ರಲ್ಲಿ ಮುದ್ರಕ ರೋಬೇರ್ ಎಸ್ತಿಯೆನ್ ಗ್ರೀಕ್ ಪಾಠವನ್ನು ನಡುವೆ, ಎರಡು ಲ್ಯಾಟಿನ್ ಅನುವಾದಗಳನ್ನು ಇಕ್ಕೆಲಗಳಲ್ಲಿ ಇಟ್ಟು ಹೊಸ ಒಡಂಬಡಿಕೆಯನ್ನು ಪ್ರಕಟಿಸಿದನು. ವಚನಸಂಖ್ಯೆಗಳು ಕಾಣಿಸಿಕೊಂಡದ್ದು ಆ ಮುದ್ರಣದಲ್ಲಿ. ಮೂರು ಪಾಠಗಳು ಸಾಲುಸಾಲಾಗಿ ಹೊಂದಿಕೊಳ್ಳಬೇಕಾದರೆ ಸಣ್ಣ, ಸಮಾನ ಘಟಕಗಳು ಬೇಕು. ತೆರೆಯ ಮೇಲೆ ಅನುವಾದಗಳನ್ನು ಅಕ್ಕಪಕ್ಕದಲ್ಲಿ ಇಟ್ಟು ಓದುವ ಇಂದಿನ ಕ್ರಮಕ್ಕೆ ಆ ಪುಟವೇ ಪೂರ್ವರೂಪ.

19ನೆಯ ಶತಮಾನದಲ್ಲಿ ವಿಳಾಸದ ಕಲ್ಪನೆ ಸ್ಥಳದಿಂದ ಪದಕ್ಕೂ ವಿಸ್ತರಿಸಿತು. 1890ರಲ್ಲಿ ಹೊರಬಂದ ಜೇಮ್ಸ್ ಸ್ಟ್ರಾಂಗ್‌ನ ಪದಾನುಕ್ರಮಣಿಕೆಯಲ್ಲಿ ಹಳೆಯ ಒಡಂಬಡಿಕೆಯ ಮೂಲಪದಗಳಿಗೆ 8674ರವರೆಗೆ, ಗ್ರೀಕ್ ಪದಗಳಿಗೆ 5624ರವರೆಗೆ ಸಂಖ್ಯೆಗಳಿವೆ. ಮೂಲಭಾಷೆಯ ಲಿಪಿಯನ್ನು ಅರಿಯದವನೂ ಸಂಖ್ಯೆಯ ಮೂಲಕ ನಿಘಂಟನ್ನು ತಲುಪಬಲ್ಲನು. 1957ರಲ್ಲಿ ಜಾನ್ ಎಲಿಸನ್ ಯೂನಿವ್ಯಾಕ್ ಯಂತ್ರದ ನೆರವಿನಿಂದ ಆರ್‌ಎಸ್‌ವಿ ಅನುವಾದದ ಪದಾನುಕ್ರಮಣಿಕೆಯನ್ನು ಹೊರತಂದಾಗ ಯಂತ್ರಕ್ಕೆ ಬೇಕಾದ ಸಾಮಗ್ರಿ ಸಿದ್ಧವಾಗಿಯೇ ಇತ್ತು. ಅಧ್ಯಾಯ ಮತ್ತು ವಚನಗಳ ಸಂಖ್ಯೆಗಳನ್ನು ಯಂತ್ರ ಎಣಿಸಬಲ್ಲದು, ಹೋಲಿಸಬಲ್ಲದು, ಜೋಡಿಸಬಲ್ಲದು.

ಈ ವಿಳಾಸಗಳು ಸರ್ವತ್ರ ಏಕರೂಪವಾಗಿಲ್ಲ ಎಂಬುದನ್ನೂ ಗಮನಿಸಬೇಕು. ಹೀಬ್ರೂ ಪಾಠದಲ್ಲಿ ಮಲಾಕಿಯ ಗ್ರಂಥಕ್ಕೆ ಮೂರು ಅಧ್ಯಾಯ, ಇಂಗ್ಲಿಷ್ ಅನುವಾದಗಳಲ್ಲಿ ನಾಲ್ಕು. ಪ್ರಸಿದ್ಧವಾದ 23ನೆಯ ಕೀರ್ತನೆ ಲ್ಯಾಟಿನ್ ವಲ್ಗೇಟಿನಲ್ಲಿ 22ನೆಯದು. 51ನೆಯ ಕೀರ್ತನೆಯ ಶೀರ್ಷಿಕೆಯನ್ನು ಹೀಬ್ರೂ ಪಾಠವು ಎರಡು ವಚನಗಳಾಗಿ ಎಣಿಸುವುದರಿಂದ ಅಲ್ಲಿನ ಮೂರನೆಯ ವಚನ ಇಂಗ್ಲಿಷಿನಲ್ಲಿ ಮೊದಲನೆಯದಾಗುತ್ತದೆ. ತಂತ್ರಾಂಶವು ಯಾವುದೇ ಒಂದು ಸಂಖ್ಯಾಕ್ರಮವನ್ನು ಎಲ್ಲಕ್ಕೂ ಹೇರುವುದಿಲ್ಲ. ಒಂದು ಕ್ರಮದ ಯಾವ ಸಂಖ್ಯೆ ಮತ್ತೊಂದರ ಯಾವ ಸಂಖ್ಯೆಗೆ ಸಮ ಎಂಬ ಹೊಂದಾಣಿಕೆಯನ್ನು ತನ್ನೊಳಗೆ ಇಟ್ಟುಕೊಳ್ಳುತ್ತದೆ. ಇದು ಪಾಠಸಂಪಾದನೆಯ ವಿವೇಕಕ್ಕೆ ತಕ್ಕ ಮಾರ್ಗ.

ಇದೇ ವಿಳಾಸಕ್ರಮ ಕನ್ನಡಕ್ಕೂ ಬಂದಿತು. ಬಳ್ಳಾರಿಯ ಮಿಷನರಿ ಜಾನ್ ಹ್ಯಾಂಡ್ಸ್‌ನ ಶ್ರಮದಿಂದ 1831ರ ವೇಳೆಗೆ ಇಡೀ ಬೈಬಲ್ ಕನ್ನಡಕ್ಕೆ ಬಂದಿತ್ತು. ಇಂದಿನ ಕನ್ನಡ ಬೈಬಲ್ಲಿನ ವಚನವೊಂದನ್ನು ಗ್ರೀಕ್ ಅಥವಾ ತಮಿಳು ಪಾಠದೊಡನೆ ಹೋಲಿಸಬೇಕಾದವನಿಗೆ ಪುಟ ಹುಡುಕುವ ಶ್ರಮವಿಲ್ಲ, ಸಂಖ್ಯೆಯೇ ಸಾಕು. ಕನ್ನಡದ ಸ್ವಂತ ಅಭಿಜಾತ ಕೃತಿಗಳಿಗೆ ಈ ಸೌಕರ್ಯ ಒಂದೇ ಪ್ರಮಾಣದಲ್ಲಿ ಒದಗಿಲ್ಲ. ಚಂಪೂಕಾವ್ಯಗಳಿಗೆ ಆಶ್ವಾಸ ಮತ್ತು ಪದ್ಯಸಂಖ್ಯೆಗಳ ವಿಳಾಸವಿದೆ. ನಡುವಿನ ಗದ್ಯಭಾಗಕ್ಕೆ ಹಾಗಲ್ಲ. ಶರಣರ ವಚನಗಳ ಸಂಖ್ಯೆ ಸಂಪಾದಕರಿಂದ ಸಂಪಾದಕರಿಗೆ ಬದಲಾಗುತ್ತದೆ. ಆದ್ದರಿಂದ ಒಂದು ಸಂಶೋಧನ ಪ್ರಬಂಧದಲ್ಲಿ ಕೊಟ್ಟ ವಚನಸಂಖ್ಯೆ ಬೇರೊಂದು ಆವೃತ್ತಿಯನ್ನು ಕೈಯಲ್ಲಿ ಹಿಡಿದ ವಿದ್ಯಾರ್ಥಿಗೆ ಬೇರೆಯೇ ವಚನವನ್ನು ತೋರಿಸಬಹುದು.

ಕನ್ನಡ ಗ್ರಂಥಗಳು ಇಂದು ಭರದಿಂದ ಡಿಜಿಟಲ್ ರೂಪಕ್ಕೆ ಬರುತ್ತಿವೆ. ಪುಟಗಳ ಚಿತ್ರಗಳನ್ನು ಪೇರಿಸಿದರೆ ರಾಶಿಯಾಗುತ್ತದೆ, ಭಂಡಾರವಾಗುವುದಿಲ್ಲ. ಪ್ರತಿ ಕೃತಿಗೂ ಪುಟವನ್ನು ಅವಲಂಬಿಸದ ಸ್ಥಿರವಾದ ವಿಳಾಸ, ಆವೃತ್ತಿಗಳ ನಡುವೆ ಸಂಖ್ಯೆಗಳ ಹೊಂದಾಣಿಕೆಯ ಕೋಷ್ಟಕ, ರೂಪಭೇದಗಳನ್ನು ಮೂಲಪದಕ್ಕೆ ಜೋಡಿಸುವ ಸೂಚಿ ಇವು ಮೂರೂ ಬೇಕು. ಇವು ತಂತ್ರಜ್ಞರೊಬ್ಬರಿಂದಲೇ ಆಗುವ ಕಾರ್ಯಗಳಲ್ಲ. ಪಾಠವನ್ನು ಬಲ್ಲ ಕನ್ನಡದ ಅಧ್ಯಾಪಕರೂ ಸಂಶೋಧನ ವಿದ್ಯಾರ್ಥಿಗಳೂ ಕುಳಿತು ಮಾಡಬೇಕಾದ ನಿಧಾನದ ಕೆಲಸ. ಬೈಬಲ್ಲಿನ ವಿಷಯದಲ್ಲಿ ಆ ಕೆಲಸ ಯಂತ್ರ ಬರುವುದಕ್ಕೆ ಶತಮಾನಗಳ ಮೊದಲೇ ಮುಗಿದಿತ್ತು. ಕನ್ನಡದಲ್ಲಿ ಯಂತ್ರ ಬಂದು ಕಾದಿದೆ.