ಗೃಹಪ್ರತ್ಯಾಗಮನದ ಕಥೆ: ಭಾರತೀಯ ಕ್ರೈಸ್ತ ಸಾಹಿತ್ಯದಲ್ಲಿ

ಮನೆಯನ್ನು ತೊರೆದುಹೋದವನು ಕಾಲಾಂತರದಲ್ಲಿ ಹಿಂದಿರುಗಿ, ಮನೆಮಂದಿ ಮುಚ್ಚಿಟ್ಟುಕೊಂಡು ಬಂದಿದ್ದ ಸಂಗತಿಗಳಿಗೆ ಮುಖಾಮುಖಿಯಾಗಿ, ಪಶ್ಚಾತ್ತಾಪದಿಂದಲೋ ಕ್ಷಮೆಯಿಂದಲೋ ಶಾಂತಿಯನ್ನು ಪಡೆಯುವ ವಸ್ತುವುಳ್ಳ ಕಥೆಗಳು ಕ್ರೈಸ್ತ ಸಾಹಿತ್ಯದಲ್ಲಿ ಒಂದು ಪ್ರತ್ಯೇಕ ಪ್ರಕಾರವೇ ಆಗಿವೆ. ಲೂಕನ ಸುವಾರ್ತೆಯ 15ನೆಯ ಅಧ್ಯಾಯದಲ್ಲಿ ಬರುವ ದುಂದುಗಾರ ಮಗನ ಸಾಮ್ಯವೇ ಇವೆಲ್ಲಕ್ಕೂ ಬೀಜ. ಪಾದ್ರಿಯ ಮಗನೊಬ್ಬನು ತನ್ನ ಸಂಸಾರದ ಗುಟ್ಟನ್ನು ಎದೆಯಲ್ಲಿಟ್ಟುಕೊಂಡು ಮುದಿ ತಂದೆಯ ಬಳಿಗೆ ಮರಳುವುದನ್ನು ವರ್ಣಿಸುವ ಅಮೆರಿಕದ ಮೆರಿಲಿನ್ ರಾಬಿನ್ಸನ್ನರ 'ಹೋಮ್' (2008) ಕಾದಂಬರಿಯವರೆಗೆ ಅದರ ಸಂತತಿ ಬೆಳೆದಿದೆ. ಆದರೆ ಭರತಖಂಡಕ್ಕೆ ಬಂದಾಗ ಈ ಸಾಮ್ಯವು ತಲೆಕೆಳಗಾಯಿತೆಂದೇ ಹೇಳಬೇಕು. ಏಕೆಂದರೆ ಇಲ್ಲಿ ಮನೆಬಿಟ್ಟು ಹೊರಟವನು ದೀಕ್ಷಾಸ್ನಾನ ಪಡೆದವನು, ಅವನಿಗಾಗಿ ಬಾಗಿಲಲ್ಲಿ ಕಾದು ನಿಲ್ಲಬೇಕಾದ ತಂದೆಯೋ ಬದುಕಿರುವ ಮಗನಿಗೆ ಘಟಶ್ರಾದ್ಧ ಮಾಡಿ ಕದವಿಕ್ಕಿಕೊಂಡವನು.

ಈ ಸಂಕಟವು ಕಥಾರೂಪವನ್ನು ಅರಸಿದ ಮೊದಲ ನೆಲೆಗಳಲ್ಲಿ ಕಲ್ಕತ್ತವು ಮುಖ್ಯವಾದುದು. ನಗರದ ಆಗ್ನೇಯದಲ್ಲಿ, ಬಾಲಿಗಂಜ್ ರೈಲು ನಿಲ್ದಾಣದ ಮೂಡಲಿಗಿರುವ ಕಸ್ಬಾ ಇಂದು ಮಹಡಿಮನೆಗಳ ಬಡಾವಣೆಯಾಗಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಅದು ಜೌಗುನೆಲದ ಅಂಚಿನ ಹಳ್ಳಿ. ಅದರ ಪಶ್ಚಿಮಕ್ಕೆ ಕೆಲವೇ ಮೈಲಿಗಳಾಚೆ ಭವಾನೀಪುರದಲ್ಲಿ ಲಂಡನ್ ಮಿಷನರಿ ಸೊಸೈಟಿಯ ಕೇಂದ್ರವಿದ್ದಿತು. ನಗರದ ದಕ್ಷಿಣದ ಗದ್ದೆಬಯಲಿನ ಹಳ್ಳಿಗಳಲ್ಲಿ ಆ ಸಂಸ್ಥೆಯ ಸ್ವಿಸ್ ಪಾದ್ರಿ ಅಲ್ಫೋನ್ಸ್ ಫ್ರಾಂಸ್ವಾ ಲಾಕ್ರಾ ಬಂಗಾಳಿಯಲ್ಲಿಯೇ ಉಪದೇಶಿಸುತ್ತ ತಿರುಗಿದರು. 1850ರಲ್ಲಿ ಕಲ್ಕತ್ತದಲ್ಲಿಯೇ ಅಂಗೀಕೃತವಾದ 21ನೆಯ ಕಾಯಿದೆಯು, ಮತಾಂತರ ಹೊಂದಿದವನು ಪಿತ್ರಾರ್ಜಿತದ ಹಕ್ಕನ್ನು ಕಳೆದುಕೊಳ್ಳತಕ್ಕದ್ದಲ್ಲವೆಂದು ವಿಧಿಸಿತು. ಶಾಸನವು ಆಸ್ತಿಯನ್ನು ಕೊಡಿಸಬಲ್ಲುದಾಗಿತ್ತು. ಪಂಕ್ತಿಯಲ್ಲಿ ಎಲೆ ಹಾಕಿಸಬಲ್ಲುದಾಗಿರಲಿಲ್ಲ.

ಬಂಗಾಳಿ ಕ್ರೈಸ್ತರ ಅತಿ ದಾರುಣವಾದ ಗೃಹಪ್ರತ್ಯಾಗಮನವು ಬರೆದ ಕಥೆಯಲ್ಲ, ಬದುಕಿದ ಕಥೆ. 1843ರ ಫೆಬ್ರವರಿ 9ರಂದು ದೀಕ್ಷಾಸ್ನಾನ ಪಡೆದು ಖಿದಿರ್‌ಪುರದ ಮನೆಯಿಂದ ದೂರವಾದ ಮೈಕೇಲ್ ಮಧುಸೂದನ ದತ್ತರು ಮದರಾಸಿನಲ್ಲಿ ಕೆಲವು ವರ್ಷಗಳಿದ್ದು 1856ರಲ್ಲಿ ಹಿಂದಿರುಗುವಷ್ಟರಲ್ಲಿ ತಾಯಿತಂದೆಯರಿಬ್ಬರೂ ತೀರಿಹೋಗಿದ್ದರು, ಸೊತ್ತು ಜ್ಞಾತಿಗಳ ವಶವಾಗಿತ್ತು. ಅದನ್ನು ಬಿಡಿಸಿಕೊಳ್ಳಲು ಅವರು ನ್ಯಾಯಾಲಯದ ಮೆಟ್ಟಿಲುಗಳನ್ನು ಹತ್ತಬೇಕಾಯಿತು. ಅವರಾದರೂ ರೆಬೆಕ್ಕಾ ಎಂಬ ಹೆಂಡತಿಯನ್ನೂ ಮಕ್ಕಳನ್ನೂ ಮದರಾಸಿನಲ್ಲಿಯೇ ಬಿಟ್ಟುಬಂದವರು. ಕಾದಂಬರಿಕಾರನೊಬ್ಬನಿಗೆ ಇದಕ್ಕಿಂತ ಹೆಚ್ಚಿನ ಸಾಮಗ್ರಿ ಬೇಕೆ? ಆದರೆ ಮಗನನ್ನು ಕಳೆದುಕೊಂಡ ರಾವಣನ ಶೋಕವನ್ನು 'ಮೇಘನಾದವಧ ಕಾವ್ಯ'ದಲ್ಲಿ (1861) ಹಾಡಿದ ಕವಿ, ಮಗನನ್ನು ಕಳೆದುಕೊಂಡ ತನ್ನ ತಂದೆಯ ಮನೆಯನ್ನು ಕಥೆಯಾಗಿಸಲಿಲ್ಲ.

ಕಥೆಯನ್ನು ಬರೆದವರು ಲಾಕ್ರಾ ಪಾದ್ರಿಯ ಮಗಳು ಹ್ಯಾನಾ ಕ್ಯಾಥರಿನ್ ಮಲೆನ್ಸ್ (1826–1861). ಕಲ್ಕತ್ತದಲ್ಲಿ ಹುಟ್ಟಿ, ಬಾಲ್ಯದಿಂದಲೇ ಮನೆಯ ಆಳುಕಾಳುಗಳ ನಡುವೆ ಬಂಗಾಳಿಯನ್ನು ನಾಲಗೆಗೆ ಹತ್ತಿಸಿಕೊಂಡ ಈಕೆಯ 'ಫುಲ್ಮಣಿ ಓ ಕರುಣಾರ್ ಬಿಬರಣ್' 1852ರಲ್ಲಿ ಪ್ರಕಟವಾಯಿತು. ಕ್ರೈಸ್ತರಾದ ಇಬ್ಬರು ಗೃಹಿಣಿಯರ ಮನೆಗಳಿಗೆ ಹೋಗಿಬರುವ ದೊರೆಸಾನಿಯೊಬ್ಬಳೇ ಇದರ ನಿರೂಪಕಿ. ಫುಲ್ಮಣಿಯ ಮನೆ ಸಾರಿಸಿ ಗುಡಿಸಿದ್ದು, ಕರುಣೆಯದು ಕುಡುಕ ಗಂಡನಿಂದಲೂ ದಾರಿತಪ್ಪಿದ ಮಗನಿಂದಲೂ ಹಾಳುಬಿದ್ದದ್ದು. ಆ ಮಗನ ಮರಣವೇ ತಾಯಿಯ ಮನಃಪರಿವರ್ತನೆಗೆ ಕಾರಣವಾಗುತ್ತದೆ. ತಂದೆಯ ಮನೆಗೆ ಮರಳುವ ದಾರಿಯೇ ಮುಚ್ಚಿಹೋಗಿದ್ದ ಸಮಾಜಕ್ಕೆ, ಇದ್ದ ಮನೆಯೊಳಗೇ ಮರಳುವ ಒಂದು ಮಾರ್ಗವನ್ನು ಈ ಲೇಖಿಕೆ ತೋರಿಸಿದಳೆನ್ನಬಹುದು. ಉಪದೇಶದ ಭಾರದಿಂದ ಪುಸ್ತಕವು ಅಲ್ಲಲ್ಲಿ ಕುಸಿಯುವುದು ನಿಜ. ಫುಲ್ಮಣಿಯ ಸದ್ಗುಣಗಳು ಓದುಗನನ್ನು ಆಯಾಸಗೊಳಿಸುವುದೂ ನಿಜ. ಆದರೆ ಕರುಣೆ ಬಾಯಿ ತೆರೆದಳೆಂದರೆ ಅಲ್ಲಿ ಬೋಧನೆ ಮರೆಯಾಗಿ ಬಡವರ ಅಂಗಳವೇ ಕಣ್ಣೆದುರು ನಿಲ್ಲುತ್ತದೆ. ಇದನ್ನು ಬಂಗಾಳಿಯ ಪ್ರಥಮ ಕಾದಂಬರಿಯೆಂದು ಕೆಲವರು ಪರಿಗಣಿಸಿದರೆ, ಆಂಗ್ಲ ಉಪದೇಶಕಥೆಯೊಂದನ್ನು ಬಹುಮಟ್ಟಿಗೆ ಆಧರಿಸಿರುವುದರಿಂದ ಆ ಪಟ್ಟವು ಪ್ಯಾರೀಚಾಂದ್ ಮಿತ್ರರ 'ಆಲಾಲೇರ್ ಘರೇರ್ ದುಲಾಲ್'ಗೆ (1858) ಸಲ್ಲತಕ್ಕದ್ದೆಂದು ಉಳಿದವರ ವಾದ. ದೀರ್ಘಕಾಲ ಮರೆತುಹೋಗಿದ್ದ ಗ್ರಂಥವನ್ನು ಚಿತ್ತರಂಜನ ಬಂದ್ಯೋಪಾಧ್ಯಾಯರು 1958ರಲ್ಲಿ ಮರಳಿ ಸಂಪಾದಿಸಿ ಬೆಳಕಿಗೆ ತಂದರು.

ಕರ್ನಾಟಕದ ಕಡೆಗೆ ಬಂದರೆ, 1831ರಲ್ಲಿ ಬೆಳಗಾವಿಯಲ್ಲಿ ಜನಿಸಿ 1854ರಲ್ಲಿ ಕ್ರೈಸ್ತರಾದ ಬಾಬಾ ಪದ್ಮನ್‌ಜಿ ಮರಾಠಿಯಲ್ಲಿ 'ಯಮುನಾ ಪರ್ಯಟನ'ವನ್ನು (1857) ಬರೆದರು. ಪತಿಯೊಡನೆ ಊರೂರು ಸುತ್ತಿ ವಿಧವೆಯರ ಗೋಳನ್ನು ಕಂಡ ಯಮುನೆಗೆ ಕೊನೆಗೆ ತಾನೂ ವಿಧವೆಯಾಗುವ ದುರ್ದೈವ ಒದಗುತ್ತದೆ. ಆಗ ಮನೆಯೆಂಬುದು ಆಶ್ರಯವಾಗಿ ಉಳಿಯದೆ, ಕೇಶಮುಂಡನದ ಬೆದರಿಕೆಯಾಗಿ ಎದುರಾಗುತ್ತದೆ.

ಕರಾವಳಿಯಲ್ಲಿ ಈ ವಸ್ತುವಿಗೆ ಇತಿಹಾಸವೇ ಬೇರೊಂದು ಆಕೃತಿಯನ್ನು ಕೊಟ್ಟಿತು. 1784ರಲ್ಲಿ ಟಿಪ್ಪು ಸುಲ್ತಾನನು ಮಂಗಳೂರು ಸೀಮೆಯ ಕ್ಯಾಥೊಲಿಕರನ್ನು ಸೆರೆಹಿಡಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದನು. 1799ರಲ್ಲಿ ಪಟ್ಟಣವು ಬಿದ್ದಮೇಲೆ ಬದುಕುಳಿದವರು ಘಟ್ಟವಿಳಿದು ಊರುಗಳಿಗೆ ಮರಳಿದರು. ಈ ಸೆರೆವಾಸದ ಕಾಲವನ್ನು ಕನ್ನಡ ಲಿಪಿಯ ಕೊಂಕಣಿಯಲ್ಲಿ ಕಾದಂಬರಿಗಳಾಗಿಸಿದವರು ವಿ. ಜೆ. ಪಿ. ಸಲ್ಡಾನ್ಹಾ (1925–2000), 'ಬೆಳ್ತಂಗಡಿಚೊ ಬಲ್ತಜಾರ್', 'ದೆವಾಚೆ ಕುರ್ಪೆನ್' ಅವರ ಪ್ರಸಿದ್ಧ ಕೃತಿಗಳು. ಹದಿನೈದು ವರ್ಷಗಳ ಅನಂತರ ಮನೆಯ ಮುಂದೆ ಬಂದು ನಿಂತ ಎಷ್ಟೋ ಕುಟುಂಬಗಳ ಹೊಲಗದ್ದೆಗಳಲ್ಲಿ ಆ ವೇಳೆಗೆ ಅನ್ಯರು ಬೇಸಾಯ ಮಾಡಿಕೊಂಡಿದ್ದರು.